ಎಬ್ಬಿಸುವಾಕೆಯ ತಮ್ಮ

ಫೆಬ್ರವರಿ 3, ಸೋಮವಾರ

ದಿನಾ ಏನಾದರೂ ಬರೆಯಬೇಕಂತೆ. ಪ್ರಕಾಶಕಿ ಹೇಳಿದ್ದು. 'ಮೊದಲು ಕೈ ಸಡಿಲ ಆಗ್ಬೇಕು ಸರ್. ಒಂದು ನೋಟ್‌ಬುಕ್ ತಗೊಂಡು ದಿನಾ ನಾಲ್ಕು ಸಾಲು ಬರೀರಿ, ಯಾರಿಗೂ ತೋರಿಸ್ಬೇಡಿ' ಎಂದರು.

ಇವತ್ತು ಎರಡು ಹಲ್ಲಿನ ಸೆಟ್ಟು ಮುಗಿಸಿದೆ. ಒಂದು ಮೇಲಿನದು, ಒಂದು ಪೂರ್ತಿ. ಗಾಳಿ ಜೋರಾಗಿತ್ತು.

ನಾಲ್ಕು ಸಾಲು ಆಯಿತು.

ಫೆಬ್ರವರಿ 6, ಗುರುವಾರ

ಮೊನ್ನೆ, ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದು ನಡೆಯಲಿಲ್ಲ. ಇವತ್ತೂ ನಡೆದಿಲ್ಲ, ಆದರೆ ಹೆಂಡತಿ 'ಬರೆದ್ರಾ?' ಎಂದು ಕೇಳಿದಳು. ಅವಳು ಈಜು ಕಲಿಸುವವಳು. ಮನೆಯಲ್ಲೂ ಕೊಳದ ಆಚೆ ತುದಿಗೆ ಮುಟ್ಟುವ ಹಾಗೆಯೇ ಮಾತಾಡುತ್ತಾಳೆ. ಅವಳು ಒಂದು ಸಲ ಕೇಳಿದರೆ ಮೂರು ಮನೆಗೆ ಕೇಳಿಸುತ್ತದೆ.

ಇದ್ದ ವಿಷಯವನ್ನೇ ಬರೆಯುತ್ತೇನೆ. ನಾನು ಹಲ್ಲಿನ ಸೆಟ್ಟು ಮಾಡುವವನು. ಇಪ್ಪತ್ತಾರು ವರ್ಷದಿಂದ ಊರವರ ಬಾಯಿಯ ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಿದ್ದೇನೆ. ನನ್ನ ಅಕ್ಕ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಟ್ಟುಕೊಳ್ಳುವ ಕಚೇರಿಯಲ್ಲಿದ್ದಳು. ಕೊಡೆ, ಬ್ಯಾಗು, ಒಂಟಿ ಬೂಟು ಕಾಯುವ ಕೆಲಸ. ಆ ಕೆಲಸದ ನಡುವೆ, ಕಚೇರಿಯ ಹಳೆಯ ಫಾರಂಗಳ ಹಿಂಬದಿಯಲ್ಲಿ, ಹನ್ನೊಂದು ವರ್ಷ ಒಂದು ಕಾದಂಬರಿ ಬರೆದಳು. ಕಳೆದ ಸೆಪ್ಟೆಂಬರಿನಲ್ಲಿ ಮೂರು ವಾರ ಕಾಯಿಲೆ ಮಲಗಿ ಹೋಗಿಬಿಟ್ಟಳು. ಇಪ್ಪತ್ತೆರಡು ಅಧ್ಯಾಯ ಮುಗಿದಿವೆ. ಕೊನೆಯದು ಇಲ್ಲ. ಹೋಗುವ ನಾಲ್ಕು ದಿನ ಮೊದಲು 'ಗೊಣಗಾ, ಅದನ್ನ ನೀನೇ ಮುಗಿಸು' ಎಂದಳು. ಗೊಣಗ ಅಂದರೆ ನಾನು. ಐದು ವರ್ಷದವನಿದ್ದಾಗ ಅವಳಿಟ್ಟ ಹೆಸರು. ಜ್ವರದಲ್ಲಿ ಏನೋ ಮಾತಾಡುತ್ತಿದ್ದಾಳೆ ಅಂದುಕೊಂಡು ಹೂಂ ಎಂದೆ.

ಪ್ರಕಾಶಕಿ ಏಪ್ರಿಲ್ ಕೊನೆಯವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಮುಗಿಯದಿದ್ದರೆ ಪುಸ್ತಕವೇ ಬರುವುದಿಲ್ಲ.

ನಾನು ಜನ್ಮದಲ್ಲಿ ಒಂದು ಕಾದಂಬರಿಯನ್ನೂ ಪೂರ್ತಿ ಓದಿದವನಲ್ಲ.

ಫೆಬ್ರವರಿ 13, ಗುರುವಾರ

ಇಪ್ಪತ್ತೆರಡು ಅಧ್ಯಾಯವನ್ನೂ ಓದಿದೆ. ಕೆಲಸ ಸ್ವಲ್ಪ ಹಿಂದೆ ಬಿದ್ದಿದೆ.

ಸತ್ತವರನ್ನು ಎಬ್ಬಿಸುವ ವಿದ್ಯೆ ಬಲ್ಲ ಒಬ್ಬ ಹೆಂಗಸಿನ ಕಥೆ. ಊರೆಲ್ಲ ಅವಳನ್ನು ಎಬ್ಬಿಸುವಾಕೆ ಎನ್ನುತ್ತದೆ. ಸತ್ತವರ ನಾಲಿಗೆಯ ಮೇಲೆ ಚಿಟಿಕೆ ಬೂದಿ ಇಟ್ಟು ಮೂರು ಸಲ ಹೆಸರು ಹಿಡಿದು ಕರೆದರೆ ಅವರು ಎದ್ದು ಕೂರುತ್ತಾರೆ. ಆದರೆ ಅದು ಪುಕ್ಕಟೆ ಅಲ್ಲ. ಒಬ್ಬರು ಎದ್ದರೆ, ಬದುಕಿರುವ ಒಬ್ಬರು ಎಬ್ಬಿಸುವಾಕೆಯನ್ನು ಪೂರ್ತಿ ಮರೆಯುತ್ತಾರೆ. ಮುಖ, ದನಿ, ಸಂಬಂಧ, ಎಲ್ಲ ಒರೆಸಿದ ಹಾಗೆ. ಮರೆಯುವವರು ಯಾರು ಎಂದು ಅವಳೇ ಆರಿಸಬೇಕು. ಕರಿಕೋಟೆಯ ದೊರೆ ಅವಳ ಕುತ್ತಿಗೆಗೆ ಕತ್ತಿ ಇಟ್ಟು ಒಂದೇ ದಿನ ನಲವತ್ತು ಸೈನಿಕರನ್ನು ಎಬ್ಬಿಸಿಕೊಂಡ. ಮರುದಿನ ಅವಳು ತನ್ನ ಬೀದಿಗೆ ಬಂದರೆ ಒಂದೊಂದೇ ಬಾಗಿಲು ಅರ್ಧ ತೆರೆದು, 'ಯಾರು ಬೇಕಿತ್ತು?' ಎಂದು ಕೇಳಿ ಮುಚ್ಚಿಕೊಂಡವು. ಮೂಲೆಮನೆಯ ನಾಯಿ ಮಾತ್ರ ಬಾಲ ಆಡಿಸುತ್ತ ಬಂತು. ಅಲ್ಲಿ ಅಕ್ಷರ ಸ್ವಲ್ಪ ಮಸುಕಾಗಿತ್ತು. ಕನ್ನಡಕ ಒರೆಸಿಕೊಂಡು ಮುಂದೆ ಓದಿದೆ.

ಇಪ್ಪತ್ತೆರಡನೆಯದರ ಕೊನೆಯಲ್ಲಿ ಅವಳ ಮಗಳೇ ಸತ್ತು ಮಲಗಿದ್ದಾಳೆ. ಅಷ್ಟು ಹೊತ್ತಿಗೆ ಎಬ್ಬಿಸುವಾಕೆಯನ್ನು ಬಲ್ಲವನು ಇಡೀ ಜಗತ್ತಿನಲ್ಲಿ ಒಬ್ಬನೇ ಉಳಿದಿದ್ದಾನೆ. ಅವಳ ತಮ್ಮ. ಮಗಳನ್ನು ಎಬ್ಬಿಸಿದರೆ ಅವನೂ ಹೋದ. ಅಕ್ಕ ಅಲ್ಲಿಗೆ ನಿಲ್ಲಿಸಿದ್ದಾಳೆ.

ಈ ತಮ್ಮನ ಬಗ್ಗೆ ನನಗೆ ತಕರಾರಿದೆ. ಬಾಗಿಲು ಮಾಡುವ ಬಡಗಿ ಅವನು. ಮಾತೆತ್ತಿದರೆ ಗೊಣಗುತ್ತಾನೆ. ಸಾರಿಗೆ ಉಪ್ಪು ಜಾಸ್ತಿ ಎಂದು ಗೊಣಗುತ್ತಲೇ ಎರಡನೆಯ ಸಲ ಹಾಕಿಸಿಕೊಳ್ಳುತ್ತಾನೆ. ಹೆಂಡತಿಗೆ ಓದಿ ಹೇಳಿದೆ.

'ಇದು ನೀವೇ ರೀ' ಎಂದಳು.

'ನಾನು ಹಾಗೆಲ್ಲ ಗೊಣಗಲ್ಲ.'

'ಈಗ ಮಾಡ್ತಿರೋದೇನು ಮತ್ತೆ?'

ಫೆಬ್ರವರಿ 20, ಗುರುವಾರ

ಒಂದು ಕೊನೆ ಬರೆದು ಕೊಟ್ಟಿದ್ದೆ, ಹನ್ನೊಂದು ಪುಟ. ಎಬ್ಬಿಸುವಾಕೆ ತುಂಬ ಯೋಚಿಸಿ, ಪ್ರಕೃತಿಯ ನಿಯಮಕ್ಕೆ ತಲೆಬಾಗಿ, ಮಗಳನ್ನು ಎಬ್ಬಿಸದೆ ಬಿಡುತ್ತಾಳೆ. ಒಂದೂ ಕಾಗುಣಿತ ತಪ್ಪಿರಲಿಲ್ಲ.

ಪ್ರಕಾಶಕಿ ಇವತ್ತು ಕರೆಸಿದರು. ಸಣ್ಣ ಕೋಣೆ, ಕುರ್ಚಿಯ ಮೇಲೂ ಪುಸ್ತಕ, ನಿಂತೇ ಮಾತು. 'ಸರ್, ಬೇಜಾರು ಮಾಡ್ಕೋಬೇಡಿ. ಇದು ಶೋಕೇಸಲ್ಲಿಟ್ಟ ಹಲ್ಲಿನ ಸೆಟ್ಟಿನ ಹಾಗಿದೆ. ಎಲ್ಲಾ ಸರಿಯಾಗಿದೆ, ಏನನ್ನೂ ಕಚ್ಚಲ್ಲ.'

ಬೇಜಾರಾಗಲಿಲ್ಲ. ಹೋಲಿಕೆ ಚೆನ್ನಾಗಿತ್ತು.

ಅಕ್ಕ ಗೀಚಿಟ್ಟ ಕೊನೆಯ ಹಾಳೆಗಳ ಕಟ್ಟು ಒಂದು ಭಾವನ ಹತ್ತಿರ ಇರಬೇಕು ಎಂದೂ ಹೇಳಿದರು. ಅವರಿಗೆ ಭಾವ ಕೊಟ್ಟಿಲ್ಲವಂತೆ.

ಫೆಬ್ರವರಿ 23, ಭಾನುವಾರ

ಭಾವನ ಮನೆಗೆ ಹೋಗಿದ್ದೆ. ಭಾವ ಲಿಫ್ಟ್ ರಿಪೇರಿ ಮಾಡುವವರು. ಇಪ್ಪತ್ತು ವರ್ಷದಲ್ಲಿ ನಾವಿಬ್ಬರು ಆಡಿದ ಮಾತು ಕೂಡಿಸಿದರೆ ಒಂದು ಪುಟ ತುಂಬುವುದು ಕಷ್ಟ. ಅಕ್ಕ ನಡುವೆ ಕೂತು ಇಬ್ಬರ ಪಾಲಿನದನ್ನೂ ತಾನೇ ಆಡುತ್ತಿದ್ದಳು.

'ಕೊಡಲ್ಲ' ಎಂದರು.

'ಯಾಕೆ ಭಾವ?'

'ನಿನಗೆ ಅರ್ಥ ಆಗಲ್ಲ.'

ಬಾಗಿಲು ಹಾಕಿಕೊಂಡರು. ಮೆತ್ತಗೇ ಹಾಕಿಕೊಂಡರು, ಅದನ್ನು ಹೇಳಬೇಕು.

ಮಾರ್ಚ್ 4, ಮಂಗಳವಾರ

ಇವತ್ತು ಒಂದು ವಿಷಯ ಕಂಡುಹಿಡಿದೆ. ಅಚ್ಚು ತೆಗೆಯುವಾಗ ಬಾಯಿತುಂಬ ಪೇಸ್ಟು ತುಂಬಿ ಮೂರು ನಿಮಿಷ ಅಲುಗದೆ ಕೂರಿಸಬೇಕು. ಆ ಮೂರು ನಿಮಿಷ ಗಿರಾಕಿ ಎದ್ದುಹೋಗುವ ಹಾಗಿಲ್ಲ, ಎದುರು ಮಾತಾಡುವ ಹಾಗಿಲ್ಲ. ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಕೇಳುಗರು ಎಲ್ಲಿ ಸಿಗುತ್ತಾರೆ?

ಬ್ಯಾಂಡಿನಲ್ಲಿ ತುತ್ತೂರಿ ಊದುವವರು ಬಂದಿದ್ದರು. ಮುಂದಿನ ನಾಲ್ಕು ಹಲ್ಲು ಹೋಗಿವೆ, ಹೊಸದು ಬರುವ ತನಕ ಊದುವ ಹಾಗಿಲ್ಲ. ಪೇಸ್ಟು ಕಚ್ಚಿಕೊಂಡು ಕೂತರು. ಸುಮ್ಮನೆ ಎಬ್ಬಿಸುವಾಕೆಯ ಕಥೆ ಶುರುಮಾಡಿದೆ. ನಲವತ್ತು ಬಾಗಿಲಿನ ತನಕ ಬಂದಾಗ ಅವರ ಕಣ್ಣು ದೊಡ್ಡದಾಯಿತು. ಮಗಳು ಸತ್ತಳು ಎಂದಾಗ 'ಊಂ ಊಂ' ಎಂದು ಕೈ ಎತ್ತಿದರು. ಉಸಿರು ಕಟ್ಟಿತೇನೋ ಎಂದು ಗಾಬರಿಯಾಗಿ ಅಚ್ಚು ಕಿತ್ತೆ.

'ಎಬ್ಬಿಸ್ತಾಳೋ ಇಲ್ವೋ, ಅದು ಹೇಳಿ.'

'ಇನ್ನೂ ಗೊತ್ತಿಲ್ಲ.'

'ಗೊತ್ತಿಲ್ಲ ಅಂದ್ರೆ? ಎಬ್ಬಿಸ್ಲೇಬೇಕು. ತಾಯಿ ಅಲ್ವಾ?'

ಅಚ್ಚು ಹಾಳಾಗಿತ್ತು. ಇನ್ನೊಂದು ತೆಗೆಯಬೇಕಾಯಿತು. ಅವರು ಖುಷಿಯಿಂದಲೇ ಕೂತರು, ಕರಿಕೋಟೆಯ ದೊರೆಯ ಭಾಗ ಇನ್ನೊಮ್ಮೆ ಹೇಳಬೇಕು ಎಂಬ ಷರತ್ತಿನ ಮೇಲೆ. ದೊರೆಗೆ ಈ ಸಲ ಒಂದು ಓರೆಹಲ್ಲು ಕೊಟ್ಟೆ. ಅಕ್ಕ ಕೊಟ್ಟಿರಲಿಲ್ಲ. ಹೊಂದಿತು.

ಮಾರ್ಚ್ 11, ಮಂಗಳವಾರ

ನಾನು ಸೆಟ್ಟಿಗೆ ಹೊಳಪು ಕೊಡುವ ಯಂತ್ರದ ಮುಂದೆ ಕೂತು ಹಾಡು ಗುನುಗುತ್ತೇನೆ ಎಂದು ಹೆಂಡತಿಯ ಆಪಾದನೆ. ಯಂತ್ರದ ಸದ್ದು ಅದು ಎಂದೆ.

'ಯಂತ್ರಕ್ಕೆ ಎರಡನೇ ಚರಣನೂ ಬರುತ್ತಾ?' ಎಂದಳು.

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಭಾವ. ಹೆಗಲಲ್ಲಿ ಸ್ಪ್ಯಾನರಿನ ಚೀಲ, ಎಡಗೆನ್ನೆಯ ಮೇಲೆ ಕೈ. ಬಾದಾಮಿ ಕಚ್ಚಲು ಹೋಗಿ ಕಟ್ಟಿಸಿದ ಹಲ್ಲು ಮುರಿದುಕೊಂಡಿದ್ದಾರೆ. ಊರಿನಲ್ಲಿ ಬೇರೆಯವರೂ ಇದ್ದಾರೆ, ನನ್ನಲ್ಲಿಗೇ ಬಂದರು.

ಅಚ್ಚು ಇಟ್ಟೆ. ಮೂರು ನಿಮಿಷ. ಬೇರೆಯವರಿಗೆ ಕಥೆ ಹೇಳುತ್ತೇನೆ, ಭಾವನಿಗೆ ಏನು ಹೇಳಲಿ? ಅವರಿಗೆ ಗೊತ್ತಿರುವ ಕಥೆ. ಹಾಗಾಗಿ ನನ್ನದೇ ಹೇಳಿದೆ. 'ಭಾವ, ನನಗೆ ಬರೆಯಲು ಬರೋದಿಲ್ಲ. ಮೊದಲ ಸಲ ಬರೆದದ್ದನ್ನ ಅವರು ಶೋಕೇಸಿನ ಸೆಟ್ಟು ಅಂದ್ರು. ಆದ್ರೆ ದಿನಾ ಕೂತ್ಕೊಂಡು ಅಕ್ಕನ ಸಾಲು ಓದ್ತೀನಲ್ಲ, ಆಗ ಅವಳು ಇಲ್ಲೇ ಎಲ್ಲೋ ಚಾ ಕುಡೀತಿದ್ದಾಳೆ ಅನಿಸುತ್ತೆ. ಅದಕ್ಕೇ ಬಿಡೋಕೆ ಮನಸ್ಸಿಲ್ಲ. ಪುಸ್ತಕ ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ.'

ಮೂರು ನಿಮಿಷ ಕಳೆದು ಇನ್ನೂ ಎರಡಾಗಿತ್ತು. ಅಚ್ಚು ತೆಗೆದೆ. ಭಾವ ಬಾಯಿ ಮುಕ್ಕಳಿಸಿ, ಬೇಸಿನ್ನಿನಲ್ಲೇ ಮುಖ ಇಟ್ಟುಕೊಂಡು ಕೇಳಿದರು: 'ಒಂಬತ್ತನೇ ಅಧ್ಯಾಯ ಓದಿದ್ದೀಯಾ?'

ಓದಿದ್ದೇನೆ. ಅದರಲ್ಲಿ ಎಬ್ಬಿಸುವಾಕೆ ಮೊದಲ ಸಲ ಯಾರನ್ನಾದರೂ ಆರಿಸಬೇಕಾಗುತ್ತದೆ. ತನ್ನ ಗಂಡನನ್ನೇ ಆರಿಸುತ್ತಾಳೆ. ಅವನು ಆರಾಮಾಗಿ ಕೆಲಸಕ್ಕೆ ಹೋಗುತ್ತಾನೆ, ಸಂಜೆ ತನ್ನ ಮನೆಯಲ್ಲಿರುವ ಅಪರಿಚಿತ ಹೆಂಗಸನ್ನು ಕಂಡು ಕ್ಷಮೆ ಕೇಳಿ ಹೊರಗೆ ಹೋಗುತ್ತಾನೆ.

'ಎಲ್ಲರಿಗಿಂತ ಮೊದಲು ಮರೆಯೋನು ನಾನು ಅಂತ ಅವಳಿಗೆ ಅನಿಸಿತ್ತು' ಎಂದರು ಭಾವ. 'ಹನ್ನೊಂದು ವರ್ಷ ರಾತ್ರಿ ಅಡುಗೆಮನೆ ಮೇಜಿನ ಮೇಲೂ ಬರೆದಳು, ನಾನು ಎದುರಿಗೇ ಕೂತಿರ್ತಿದ್ದೆ. ನನಗೆ ಹೇಳಲಿಲ್ಲ. ಆ ಕೊನೆ ಕಟ್ಟಲ್ಲಿ ಇನ್ನೇನು ಬರೆದಿದ್ದಾಳೋ. ನಾನು ಬಿಚ್ಚೇ ಇಲ್ಲ ಕಣೋ.'

ಚಾ ತರಿಸಿದೆ. ಎಡಗಡೆಯಿಂದ ಕುಡಿಯಬೇಡಿ ಎಂದೆ. ಹೋಗುವಾಗ ಬಾಗಿಲಲ್ಲಿ ನಿಂತು, 'ಭಾನುವಾರ ಬಾ. ಒಬ್ಬನೇ ಬಿಚ್ಚೋಕೆ ನನಗೆ ಧೈರ್ಯ ಇಲ್ಲ' ಎಂದರು.

ಮಾರ್ಚ್ 23, ಭಾನುವಾರ

ಬಿಚ್ಚಿದೆವು.

ಅಡುಗೆಮನೆಯ ಮೇಜು. ಹಾಳೆಗಳ ಕಟ್ಟಿಗೆ ಸುತ್ತಿದ್ದ ದಾರವನ್ನು ಭಾವ ಕತ್ತರಿಸಲಿಲ್ಲ, ಕೂತು ಗಂಟು ಬಿಡಿಸಿದರು. ಒಟ್ಟು ಅರವತ್ತು ಹಾಳೆ ಇರಬಹುದು. ಒಂದು ಕಡೆ ಕಚೇರಿಯ ಬರಹ: ವಸ್ತುವಿನ ವಿವರ, ಹಳದಿ ಕೊಡೆ, ಹಿಡಿ ಮುರಿದಿದೆ. ಇನ್ನೊಂದು ಕಡೆ ಅಕ್ಕನ ಓಡುವ ಅಕ್ಷರ. ಭಾವ ಕೊಡೆಗಳ ಕಡೆಯನ್ನೇ ಓದುತ್ತ ಹೋದರು, ಆ ಕಡೆ ತಿರುಗಿಸಲು ಹೆದರಿಕೆ. ಹಾಗಾಗಿ ನಾನೇ ತಿರುಗಿಸಿ ಓದಿದೆ.

ಆರನೆಯದೋ ಏಳನೆಯದೋ ಹಾಳೆಯಲ್ಲಿ ಒಂಬತ್ತನೇ ಅಧ್ಯಾಯದ ಹಳೆಯ ರೂಪ ಸಿಕ್ಕಿತು. ಅರ್ಧ ಪುಟ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾಳೆ. ಓದಲು ಬರುತ್ತಿತ್ತು. ಜೋರಾಗಿ ಓದಿದೆ:

'ಗಂಡನನ್ನೇ ಮೊದಲು ಆರಿಸಿದಳು. ಇನ್ನು ಮುಂದೆ ತಾನು ದಿನದಿನಕ್ಕೂ ಸವೆಯುತ್ತ ಹೋಗುವುದನ್ನು ಯಾರು ಬೇಕಾದರೂ ನೋಡಲಿ, ಅವನೊಬ್ಬ ನೋಡಬಾರದು. ಅವನ ನೋವನ್ನು ನೋಡುವ ಶಕ್ತಿ ತನಗಿಲ್ಲ. ಮರೆತವನಿಗೆ ನೋವಿಲ್ಲ.'

ಪಕ್ಕದಲ್ಲಿ ಸಣ್ಣಗೆ: 'ಇದನ್ನು ಹೇಳಬಾರದು. ಓದುವವರಿಗೆ ತಾನಾಗಿ ತಿಳಿಯಬೇಕು.'

ಭಾವ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಹಾಳೆಗೇ ಹೇಳಿದರು: 'ನನಗೆ ತಿಳೀಲಿಲ್ಲವಲ್ಲೇ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?' ಹೇಳುತ್ತ ಹೇಳುತ್ತ ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲಲಿಲ್ಲ. ಹೊಸ ಹಲ್ಲು ಚೆನ್ನಾಗಿ ಕೂತಿದೆ ಎಂಬುದನ್ನೂ ಗಮನಿಸಿದೆ. ನನಗೂ ನಗು ಬಂತು.

ಮುಂದಿನ ಹಾಳೆಯಲ್ಲಿ ನನ್ನ ವಿಷಯ ಇತ್ತು. 'ತಮ್ಮನನ್ನು ಕೊನೆಯ ತನಕ ಉಳಿಸಿಕೊಂಡಳು. ಅವನು ಗೊಣಗುತ್ತಾನೆ, ಆದರೆ ತಡೆದುಕೊಳ್ಳುತ್ತಾನೆ.'

ಭಾವ ಅದನ್ನು ಮೂರು ಸಲ ಓದಿಸಿದರು. ನನಗೆ ಒಂದೇ ಸಲ ಸಾಕಾಗಿತ್ತು.

ಕೊನೆಯ ಹಾಳೆಯಲ್ಲಿ 'ಇಪ್ಪತ್ತಮೂರು' ಎಂದು ಬರೆದು ಕೆಳಗೆ ಒಂದೇ ಸಾಲು: 'ಮಗುವನ್ನು ಬಿಡಲಾರಳು, ಇವನನ್ನೂ ಕಳಕೊಳ್ಳಲಾರಳು. ನನಗೆ ಗೊತ್ತಾಗುತ್ತಿಲ್ಲ.'

ಅಂದರೆ ಅವಳಿಗೂ ಗೊತ್ತಿರಲಿಲ್ಲ. ಮನೆಗೆ ನಡೆದುಕೊಂಡೇ ಬಂದೆ. ಬೇಜಾರಾಗಬೇಕಿತ್ತು, ಹಗುರಾಗಿದ್ದೆ. ದಾರಿಯಲ್ಲಿ ತುತ್ತೂರಿಯವರು ಸಿಕ್ಕಿ 'ಎದ್ದಳಾ?' ಎಂದು ಕೇಳಿದರು.

ಏಪ್ರಿಲ್ 6, ಭಾನುವಾರ

ಭಾವ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು, ಸತತ ಎರಡನೆಯ ವಾರ. ಊಟವಾದ ಮೇಲೆ ತಟ್ಟೆ ಎತ್ತುವುದನ್ನೂ ಮರೆತು ಜಗಳ.

ಭಾವನ ಪ್ರಕಾರ ಮಗಳನ್ನು ಎಬ್ಬಿಸಬಾರದು. 'ತಮ್ಮನೂ ಮರೆತರೆ ಅವಳು ಇದ್ದೂ ಇಲ್ಲದ ಹಾಗೆ. ಇಷ್ಟು ದೂರ ಬಂದು ಅವಳನ್ನ ಹಾಗೆ ಮಾಡೋದು ಬೇಡ.'

ನಾನು ಹೇಳಿದೆ, ತಾಯಿಯಾದವಳು ಎಬ್ಬಿಸದೆ ಇರಲಾರಳು, ಆ ತಮ್ಮನೂ ಬೇಡ ಎನ್ನುವವನಲ್ಲ. ಗೊಣಗಬಹುದು, ಅಷ್ಟೇ.

'ಮರೆತಮೇಲೆ ಗೊಣಗೋದಕ್ಕೂ ಇರಲ್ಲ' ಎಂದರು ಭಾವ.

ಹೆಂಡತಿ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಇದೆಲ್ಲ ಕೇಳಿಸಿಕೊಂಡಳು. ಭಾನುವಾರವೂ ಅವಳಿಗೆ ಬೆಳಗಿನ ಕ್ಲಾಸು ಇರುತ್ತದೆ. 'ಅವನು ಮರೀಲಿ ಬಿಡಿ' ಎಂದಳು. 'ಮರೆತ್ರೆ ಮತ್ತೆ ಪರಿಚಯ ಮಾಡ್ಕೊಂಡ್ರಾಯ್ತು. ಅವಳಿಗೆ ಕಾಲಿಲ್ವಾ, ಬಾಯಿಲ್ವಾ? ಹೋಗಿ ಮಾತಾಡ್ಸಲಿ.'

ಇಪ್ಪತ್ತೆರಡು ಅಧ್ಯಾಯದಲ್ಲಿ ಒಬ್ಬರಿಗೂ ಹೊಳೆಯದ ಮಾತು. ಮರೆತವರು ಸತ್ತವರಲ್ಲ. ಅದೇ ಬೀದಿಯಲ್ಲಿ, ಅದೇ ಬಾಗಿಲ ಹಿಂದೆ ಇದ್ದಾರೆ.

ಆಮೇಲೆ ಭಾವ, ಯಾರೂ ಕೇಳದೆ, ಅಕ್ಕನನ್ನು ಮೊದಲು ಕಂಡ ಕಥೆ ಹೇಳಿದರು. ಕಂಡ ಕಥೆ ಅಲ್ಲ, ಕೇಳಿದ ಕಥೆ. ಲಿಫ್ಟು ಮೂರನೇ ಮಹಡಿಗೂ ನಾಲ್ಕಕ್ಕೂ ನಡುವೆ ಸಿಕ್ಕಿಕೊಂಡಿತ್ತು, ಒಳಗೆ ಅವಳು, ಹೊರಗೆ ಇವರು. ನಲವತ್ತು ನಿಮಿಷ. ಅವಳು ಒಳಗಿಂದ ಒಂದೇ ಸಮ ಪ್ರಶ್ನೆ ಕೇಳುತ್ತಿದ್ದಳಂತೆ: ಹಗ್ಗ ಎಷ್ಟು ದಪ್ಪ ಇದೆ, ಊಟ ಆಯಿತಾ, ಎತ್ತರ ಅಂದರೆ ಹೆದರಿಕೆ ಇಲ್ಲವಾ. 'ಬಾಗಿಲು ತೆಗೆಯೋ ಹೊತ್ತಿಗೆ ಪೂರ್ತಿ ಪರಿಚಯ ಆಗಿತ್ತು. ಮುಖ ನೋಡೋದೊಂದು ಬಾಕಿ' ಎಂದರು. ಇಷ್ಟು ಉದ್ದದ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಇನ್ನೂ ಹೇಳಿ ಭಾವ ಎಂದೆ. ಹೇಳಿದರು. ಸಂಜೆ ಆಗಿದ್ದು ಗೊತ್ತಾಗಲಿಲ್ಲ.

ಏಪ್ರಿಲ್ 12, ಶನಿವಾರ

ಅಂಗಡಿಗೆ ಬೀಗ ಹಾಕಿ ಬೆಳಗ್ಗೆಯಿಂದ ಬರೆದೆ. ಇಪ್ಪತ್ತಾರು ವರ್ಷದಲ್ಲಿ ಶನಿವಾರ ಬೀಗ ಹಾಕಿದ್ದು ಇಲ್ಲ. ಮೇಣ ಮೆದುವಾದಾಗ ಹಲ್ಲು ತನ್ನ ಜಾಗಕ್ಕೆ ತಾನೇ ಕೂರುತ್ತದಲ್ಲ, ಹಾಗೆ ಸಾಲುಗಳು ಕೂತವು.

ಎಬ್ಬಿಸುವಾಕೆ ಮಗಳ ಹೆಸರು ಹಿಡಿದು ಮೂರು ಸಲ ಕರೆಯುತ್ತಾಳೆ. ಹುಡುಗಿ ಎದ್ದು ಕೂತು ಹಸಿವು ಎನ್ನುತ್ತಾಳೆ. ಪಕ್ಕದ ಕೊಟ್ಟಿಗೆಯಲ್ಲಿ ಬಾಗಿಲು ಹೆರೆಯುತ್ತಿದ್ದ ತಮ್ಮ ತಲೆ ಎತ್ತುತ್ತಾನೆ. 'ಯಾರಮ್ಮ ನೀವು? ಬಾಗಿಲು ಬೇಕಿತ್ತಾ?'

ಅವಳು ಅಳುವುದಿಲ್ಲ. ಅಲ್ಲಿ ಅಳಿಸಬೇಕು ಅಂದುಕೊಂಡಿದ್ದೆ, ಅವಳು ಒಪ್ಪಲಿಲ್ಲ. 'ಹೌದು, ಒಂದು ಬಾಗಿಲು ಬೇಕು' ಎನ್ನುತ್ತಾಳೆ. ಅವನು ಅಳತೆ ಕೇಳುತ್ತಾನೆ. ಅವಳು ಬೇಕೆಂದೇ ತಪ್ಪು ಹೇಳುತ್ತಾಳೆ. ಅವನು ಗೊಣಗುತ್ತಾನೆ, ಮರುದಿನ ಬನ್ನಿ ಎನ್ನುತ್ತಾನೆ. ಮರುದಿನ ಮರದ ಬಗ್ಗೆ ತಕರಾರು, ಅದರ ಮರುದಿನ ಚಿಲಕದ ಬಗ್ಗೆ. ಬಾಗಿಲು ಮುಗಿಯಲು ಒಂದು ತಿಂಗಳು ಹಿಡಿಯುತ್ತದೆ. ಕೊನೆಯ ದಿನ ಅವನು, 'ಇಂಥ ಕಿರಿಕಿರಿ ಗಿರಾಕೀನ ನಾನು ನೋಡಿಲ್ಲ. ನಾಳೆ ಇನ್ನೇನು ಮಾಡಿಸ್ತೀರಿ?' ಎಂದು ಕೇಳುತ್ತಾನೆ.

ಹಳೆಯದು ವಾಪಸು ಬರುವುದಿಲ್ಲ. ಅವರಿಬ್ಬರೂ ಚಿಕ್ಕವರಿದ್ದಾಗಿನದೆಲ್ಲ ಇನ್ನು ಅವಳೊಬ್ಬಳ ತಲೆಯಲ್ಲಷ್ಟೇ. ಅದು ಅವಳು ತೆತ್ತ ಬೆಲೆ, ಅದನ್ನು ಕಡಿಮೆ ಮಾಡಲಿಲ್ಲ. ಆ ಸಾಲು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಮಗಳ ಕೈ ಹಿಡಿದು ಎರಡನೆಯ ಮನೆಗೆ ಹೋಗುತ್ತಾಳೆ, ಗಂಡನ ಮನೆಗೆ. ಬಾಗಿಲು ಮುಚ್ಚಿದೆ. ಮುಚ್ಚಿದ ಬಾಗಿಲ ಈಚೆ ನಿಂತು ಅವಳು ಮೊದಲ ಪ್ರಶ್ನೆ ಕೇಳುತ್ತಾಳೆ: 'ಊಟ ಆಯ್ತಾ?' ಒಳಗಿನಿಂದ ಒಂದು ದನಿ, 'ಆಯ್ತು. ನಿಮ್ದು?'

ಅಲ್ಲಿಗೆ ಕಾದಂಬರಿ ಮುಗಿಯಿತು. ಸಂಜೆ ಭಾವನಿಗೆ ಫೋನಿನಲ್ಲೇ ಓದಿ ಹೇಳಿದೆ.

'ಇನ್ನೊಂದ್ಸಲ ಓದು' ಎಂದರು.

ಏಪ್ರಿಲ್ 25, ಶುಕ್ರವಾರ

ಪ್ರಕಾಶಕಿ ಒಪ್ಪಿದರು. ಇವತ್ತು ಕುರ್ಚಿಯ ಮೇಲಿನ ಪುಸ್ತಕ ಎತ್ತಿಟ್ಟು ಕೂರಲು ಹೇಳಿದರು. ಕೊನೆಯ ಅಧ್ಯಾಯವನ್ನು ಬಸ್ಸಿನಲ್ಲಿ ಓದಬಾರದಿತ್ತು, ಮೂಗು ಕೆಂಪಾಗಿ ಕಚೇರಿಯವರೆಲ್ಲ ನೆಗಡಿಯಾ ಎಂದು ಕೇಳಿದರು ಎಂದರು. ಹನ್ನೆರಡು ಅಲ್ಪವಿರಾಮ ತೆಗೆದುಹಾಕಿದ್ದಾರೆ. ಅದಕ್ಕೆ ಅರ್ಧ ಗಂಟೆ ವಾದ ಮಾಡಿ ಐದನ್ನು ಉಳಿಸಿಕೊಂಡೆ.

ಮುಖಪುಟದಲ್ಲಿ ಅಕ್ಕನ ಹೆಸರು ಮಾತ್ರ ಸಾಕು ಎಂದೆ. ಭಾವ ನನಗಿಂತ ಮೊದಲೇ ಫೋನ್ ಮಾಡಿ ಎರಡು ಹೆಸರು ಹಾಕಿಸಿದ್ದರು. ಈಗ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಭಾನುವಾರ ಊಟಕ್ಕೆ ಬಂದಾಗ ಸರಿಯಾಗುತ್ತದೆ.

ಕೆಲಸ ಬೇಕಾದಷ್ಟಿದೆ. ಅಂಗಡಿಯಲ್ಲಿ ಈಗೀಗ ಹಲ್ಲು ಗಟ್ಟಿಯಿರುವವರೂ ಬಂದು ಕೂರುತ್ತಾರೆ, ಯಾಕೋ ಗೊತ್ತಿಲ್ಲ.

ಸೆಪ್ಟೆಂಬರ್ 11, ಗುರುವಾರ

ಬಹಳ ದಿನವಾಯಿತು ಬರೆದು. ಇವತ್ತಿನದನ್ನು ಬರೆಯದೆ ಇರಲಾರೆ.

ಬೆಳಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿನಲ್ಲಿ ಆಸ್ಪತ್ರೆಯ ಸಮವಸ್ತ್ರ ಹಾಕಿದ ಒಬ್ಬ ಹುಡುಗಿ. ಪಾಳಿ ಮುಗಿಸಿ ಹೊರಟವಳಿರಬೇಕು, ಕಣ್ಣಲ್ಲಿ ನಿದ್ದೆ ಇತ್ತು. ಆದರೂ ಓದುತ್ತಿದ್ದಳು. ಪುಸ್ತಕದ ಬೆನ್ನು ನೋಡಿದೆ. ಅಕ್ಕನದು. ಮುಕ್ಕಾಲು ಭಾಗ ದಾಟಿತ್ತು. ಯಾವ ಸಾಲಿಗೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ಇದು ನನ್ನ ಅಕ್ಕ ಬರೆದದ್ದು ಎಂದು ಹೇಳಲು ಬಾಯಿ ತೆರೆದೆ. ಬಂದ ಮಾತು ಬೇರೆ.

'ಯಾವ ಪುಸ್ತಕ ಅಮ್ಮ ಅದು? ಚೆನ್ನಾಗಿದೆಯಾ?'

ಅವಳು ಬೆರಳನ್ನು ಪುಟದ ನಡುವೆ ಇಟ್ಟು ನನ್ನ ಕಡೆ ತಿರುಗಿ ಕೂತಳು. 'ಒಬ್ಬಳು ಇರ್ತಾಳೆ ಅಂಕಲ್, ಸತ್ತವರನ್ನ ಎಬ್ಬಿಸ್ತಾಳೆ' ಎಂದು ಶುರುಮಾಡಿದಳು. ಬೂದಿಯ ವಿಷಯ ಹೇಳಿದಳು, ಬೀದಿಯ ಬಾಗಿಲುಗಳ ವಿಷಯ ಹೇಳಿದಳು. ಕೈ ಆಡಿಸಿ ಹೇಳಿದಳು. ಅಕ್ಕ ಎಲ್ಲಿ ನಿಧಾನ ಮಾಡಿದ್ದಳೋ ಅಲ್ಲೇ ನಿಧಾನ ಮಾಡಿದಳು. ನಾನು ಒಂದಕ್ಷರ ಗೊತ್ತಿಲ್ಲದವನ ಹಾಗೆ ಕೇಳುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲಿ ನಿಜವಾಗಿ ಮುಂದೇನಾಯಿತು ಎಂದು ಕುತೂಹಲವಾಗತೊಡಗಿತು.

ಮೂಲೆಮನೆಯ ನಾಯಿ ಬರುವ ಹೊತ್ತಿಗೆ ಅವಳು ತಟ್ಟನೆ ನಿಲ್ಲಿಸಿ, 'ನೀವು ಎ‌ಲ್ಲಿ ಇಳೀಬೇಕು ಅಂಕಲ್?' ಎಂದು ಕೇಳಿದಳು.

ನಾನು ಇಳಿಯುವ ಜಾಗ ಹಿಂದೆ ಹೋಗಿ ಹತ್ತು ನಿಮಿಷವಾಗಿತ್ತು.

'ಇನ್ನೂ ದೂರ ಇದೆ' ಎಂದೆ. 'ನೀವು ಹೇಳಿ.'